ಅಣಕದ ಅಂಗಳ: ‘ಮಾಕ್’ ಎಂಬ ಪದದ ಚರಿತ್ರೆಯೂ ವೈಟ್‌ಫೀಲ್ಡ್–ಪೀಣ್ಯದ ನಮ್ಮ ಸಭೆಗಳೂ

ವೈಟ್‌ಫೀಲ್ಡಿನ ಆಸುಪಾಸಿನ ಸಭೆಯೊಂದರಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಯುವತಿಯೊಬ್ಬಳು ಸಭಾಪಾಲಕರ ಬಳಿಗೆ ಬಂದು, “ಅಯ್ಯನವರೇ, ಬುಧವಾರ ನನಗೆ ಮಾಕ್ ಇದೆ, ಪ್ರಾರ್ಥನೆ ಮಾಡಿರಿ” ಎಂದು ಕೇಳಿಕೊಂಡಳು. ವೃದ್ಧರಾದ ಆ ಪಾಲಕರು ಇಂಗ್ಲಿಷ್ ಸತ್ಯವೇದವನ್ನು ಓದಿ ಬೆಳೆದವರು. ಆ ಪದಕ್ಕೆ ಅವರು ಬಲ್ಲ ಅರ್ಥ ಒಂದೇ. ಅವಳ ತಲೆಯ ಮೇಲೆ ಕೈಯಿಟ್ಟು, ಈ ಮಗಳನ್ನು ಹಾಸ್ಯಮಾಡುವವರ ಬಾಯಿಯನ್ನು ಕಟ್ಟಬೇಕೆಂದು ದೇವರನ್ನು ಬೇಡಿಕೊಂಡರು. ಯುವತಿ ಬೆರಗಿನಿಂದ ಕಣ್ಣುಬಿಟ್ಟಳು. ಕಾಲ್ ಸೆಂಟರಿನ ತರಬೇತಿಯ ಕೊನೆಯಲ್ಲಿ ತರಬೇತುದಾರರೇ ಗಿರಾಕಿಯಂತೆ ನಟಿಸಿ ಮಾತನಾಡಿಸುವ ‘ಮಾಕ್ ಕಾಲ್’ ಎಂಬ ಪರೀಕ್ಷೆಯನ್ನು ಕುರಿತು ಅವಳು ಹೇಳಿದ್ದಳು. ಸಮೀಪದಲ್ಲಿದ್ದ ನಾವು ನಗು ತಡೆದುಕೊಂಡೆವು. ಆದರೆ ಮನೆಗೆ ಹಿಂದಿರುಗುವ ದಾರಿಯಲ್ಲಿ, ವೃದ್ಧರ ಪ್ರಾರ್ಥನೆ ಗುರಿ ತಪ್ಪಿತೆಂದು ಹೇಳುವುದು ಅಷ್ಟು ಸುಲಭವಲ್ಲವೆಂದು ತೋರತೊಡಗಿತು. ಈ ಲೇಖನವು ಆ ದಾರಿಯಲ್ಲಿ ಆರಂಭವಾದ ವಿಚಾರದ ಮುಂದುವರಿಕೆ.

‘ಮಾಕ್’ ಎಂಬುದು ಹಳೆಯ ಫ್ರೆಂಚ್ ಭಾಷೆಯಿಂದ 15ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದ ಕ್ರಿಯಾಪದ. ಗೇಲಿಮಾಡು, ಹೀಯಾಳಿಸು ಎಂಬುದು ಅದರ ಮೊದಲ ಅರ್ಥ. 16ನೇ ಶತಮಾನದಲ್ಲಿ ಅದಕ್ಕೆ ಎರಡನೆಯ ಅರ್ಥವೊಂದು ಕೂಡಿಕೊಂಡಿತು: ನಿಜವಲ್ಲದ, ನಿಜದಂತೆ ತೋರುವ. ಅಣಕಿಸುವವನು ಎದುರಾಳಿಯ ನಡೆ, ನುಡಿ, ಮುಖಭಾವಗಳನ್ನು ಅನುಕರಿಸಿ ತೋರಿಸುತ್ತಾನೆ. ಕಾಲಕ್ರಮದಲ್ಲಿ ನಗೆ ಉದುರಿಹೋಗಿ ಅನುಕರಣೆ ಮಾತ್ರ ಉಳಿಯಿತು. ಆಮೆಯ ಮಾಂಸವಿಲ್ಲದೆ ಕರುವಿನ ತಲೆಯಿಂದ ಮಾಡಿದ ಸಾರಿಗೆ ಇಂಗ್ಲಿಷರು ಆಮೆಯ ಹೆಸರನ್ನೂ ಈ ಪದವನ್ನೂ ಜೋಡಿಸಿಕೊಟ್ಟರು. 20ನೇ ಶತಮಾನದ ಆರಂಭದ ದಶಕಗಳಲ್ಲಿ ಯಂತ್ರಗಳ ಪೂರ್ಣಪ್ರಮಾಣದ ಮಾದರಿಗೆ ‘ಮಾಕ್‌ಅಪ್’ ಎಂಬ ಹೆಸರು ಬಂದಿತು. 2000ದಲ್ಲಿ ಸಾಫ್ಟ್‌ವೇರ್ ಪರೀಕ್ಷೆಯ ಕುರಿತು ಮಂಡಿಸಲಾದ ಪ್ರಬಂಧವೊಂದು ‘ಮಾಕ್ ಆಬ್ಜೆಕ್ಟ್’ ಎಂಬ ಮಾತನ್ನು ಬಳಕೆಗೆ ತಂದಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವ ಸಭೆಯ ಯುವಕನೊಬ್ಬ ಇದನ್ನು ನಮಗೆ ವಿವರಿಸಿದ್ದು ಹೀಗೆ: ನಿಜವಾದ ಬ್ಯಾಂಕಿನ ಗಣಕವನ್ನು ಪರೀಕ್ಷೆಗೆ ಬಳಸಲಾಗದು, ಅದರ ಸ್ಥಾನದಲ್ಲಿ ಬೇರೊಂದನ್ನು ನಿಲ್ಲಿಸಿ, ಕೇಳಿದ ಪ್ರಶ್ನೆಗೆ ಮೊದಲೇ ಹೇಳಿಕೊಟ್ಟ ಉತ್ತರವನ್ನಷ್ಟೇ ಕೊಡುವಂತೆ ಮಾಡುತ್ತಾರೆ.

ನಮ್ಮ ಭಾಷೆಯೂ ಇದೇ ದಾರಿಯನ್ನು ಹಿಡಿದಿರುವುದು ಗಮನಾರ್ಹ. ಅಣಕಿಸುವುದೆಂದರೆ ಇನ್ನೊಬ್ಬರಂತೆ ಆಡಿ ತೋರಿಸಿ ನಗುವುದು. ಹೀಗಿದ್ದರೂ ನಮ್ಮ ವೃತ್ತಪತ್ರಿಕೆಗಳು ಅಣಕು ಸಂಸತ್ತು, ಅಣಕು ಶವಯಾತ್ರೆ, ಅಣಕು ಕಾರ್ಯಾಚರಣೆ ಎಂದು ಸಲೀಸಾಗಿ ಬರೆಯುತ್ತವೆ. ಪ್ರತಿಭಟನೆಯ ಶವಯಾತ್ರೆಯಲ್ಲಿ ನಗೆಯೂ ಇದೆ, ಅನುಕರಣೆಯೂ ಇದೆ. ಚುನಾವಣೆಯ ಬೆಳಿಗ್ಗೆ ಮತಯಂತ್ರದಲ್ಲಿ ಕನಿಷ್ಠ 50 ಮತಗಳನ್ನು ಒತ್ತಿ ನೋಡುವ ಅಣಕು ಮತದಾನದಲ್ಲಿ ನಗೆಯ ಸುಳಿವೇ ಇಲ್ಲ. ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಂತೂ ಈ ಪದ ಗಂಭೀರವಾದದ್ದು. 1984ರ ಭೋಪಾಲ ದುರಂತದ ತರುವಾಯ ರೂಪುಗೊಂಡ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು, ಇಂಥ ರಾಸಾಯನಿಕಗಳನ್ನು ದೊಡ್ಡ ಪ್ರಮಾಣದಲ್ಲಿ ಬಳಸುವ ಕಾರ್ಖಾನೆಗಳು ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕೆಂದು ವಿಧಿಸುತ್ತವೆ. ಅಲ್ಲಿ ಅಣಕವು ಜೀವ ಉಳಿಸುವ ಅಭ್ಯಾಸ.

ಹೀಗೆ ಒಂದೇ ಪದದಲ್ಲಿ ನಗೆಯೂ ಅನುಕರಣೆಯೂ ಕೂಡಿರುವುದು ಶ್ರಮೆಯ ವೃತ್ತಾಂತವನ್ನು ಓದುವ ನಮಗೆ ಅಪರಿಚಿತವಾಗಿರಬಾರದು. ಹೊಸ ಒಡಂಬಡಿಕೆಯ ಮೂಲದಲ್ಲಿ ಬಳಕೆಯಾಗಿರುವ ಮುಖ್ಯ ಕ್ರಿಯಾಪದ ‘ಎಂಪಾಯ್ಜೊ’. ಅದರ ಬೇರು ಆಟವಾಡುವುದೆಂಬ ಅರ್ಥದ ‘ಪಾಯ್ಜೊ’. ಅದರ ಹಿಂದೆ ‘ಪಾಯ್ಸ್’, ಅಂದರೆ ಮಗು. ಇಷ್ಮಾಯೇಲನು ಇಸಾಕನೊಂದಿಗೆ ಮಾಡುತ್ತಿದ್ದುದು ಆಟವೋ ಅಪಹಾಸ್ಯವೋ ಎಂದು ಆದಿಕಾಂಡ 21:9ರ ವ್ಯಾಖ್ಯಾನಕಾರರು ಇಂದಿಗೂ ತರ್ಕಿಸುವುದಕ್ಕೆ ಇಂಥದೇ ಬೆಸುಗೆ ಕಾರಣ. ಅಲ್ಲಿನ ಇಬ್ರಿಯ ಕ್ರಿಯಾಪದ ಇಸಾಕನ ಹೆಸರಿನೊಳಗೇ ಇರುವ ‘ನಗು’ ಎಂಬ ಧಾತುವಿನಿಂದ ಬಂದದ್ದು. ಇನ್ನೊಂದು ಪದ ‘ಮ್ಯುಕ್ಟೇರಿಜೊ’. ಅದು ಮೂಗಿನಿಂದ ಹುಟ್ಟಿದ ಪದ. ಗಲಾತ್ಯದವರಿಗೆ ಬರೆಯುತ್ತ (6:7) ಪೌಲನು ಬಳಸುವುದು ಇದನ್ನೇ. ನಮ್ಮ ಸಭೆಗಳಲ್ಲಿ ಓದುವ ಕನ್ನಡ ಅನುವಾದ ಅಲ್ಲಿ ತಿರಸ್ಕಾರದ ಕಡೆಗೆ ವಾಲಿದೆ, ತಪ್ಪೇನಿಲ್ಲ. ಆದರೂ ಮೂಗು ಮುರಿಯುವುದು ಎಂಬ ನಮ್ಮ ನುಡಿಗಟ್ಟು ಮೂಲಕ್ಕೆ ಎಷ್ಟು ಹತ್ತಿರವಿದೆಯೆಂದು ಗ್ರೀಕ್ ತರಗತಿಯಲ್ಲಿ ಕುಳಿತವರು ಒಮ್ಮೆ ಯೋಚಿಸಬಹುದು.

ಲೂಕನು ಈ ಎರಡು ಪದಗಳನ್ನು ಎಚ್ಚರಿಕೆಯಿಂದ ಹಂಚಿದ್ದಾನೆ. ಶಿಲುಬೆಯ ಬುಡದಲ್ಲಿ ಅಧಿಕಾರಿಗಳು ಮೂಗು ಮುರಿಯುತ್ತಾರೆ (23:35). ಸಿಪಾಯಿಗಳು ಆಟವಾಡುತ್ತಾರೆ (23:36). ಮೇಲಿನವರಿಗೆ ಮೂಗು ಸಾಕು, ಕೆಳಗಿನವರಿಗೆ ಆಟ ಬೇಕು. ಪಿಲಾತನ ಅರಮನೆಯ ಅಂಗಳದಲ್ಲಿ ನಡೆದದ್ದು ಬರಿಯ ಬೈಗುಳವಲ್ಲ, ಪೂರ್ಣಪ್ರಮಾಣದ ಅಣಕು ಪಟ್ಟಾಭಿಷೇಕ. ನಿಲುವಂಗಿ, ಕಿರೀಟ, ಬೆತ್ತದ ರಾಜದಂಡ, ಮೊಣಕಾಲೂರುವಿಕೆ, ಜಯಕಾರ, ಒಂದೂ ಬಿಟ್ಟುಹೋಗಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಯೇಸು ತನ್ನ ಶ್ರಮೆಯನ್ನು ಮುಂತಿಳಿಸುವಾಗ (10:34) ಉಗುಳು, ಕೊರಡೆ, ಮರಣಗಳಿಗಿಂತ ಮೊದಲು ಅಪಹಾಸ್ಯವನ್ನು ಹೆಸರಿಸುತ್ತಾನೆ. ನಮ್ಮ ಶುಭ ಶುಕ್ರವಾರದ ಪ್ರಸಂಗಗಳು ಈ ಕ್ರಮವನ್ನು ಮರೆತು ನೇರವಾಗಿ ಮೊಳೆಗಳಿಗೆ ಹೋಗಿಬಿಡುತ್ತವೆ.

ಇಂಥ ಆಟ ಆ ಕಾಲದಲ್ಲಿ ಒಂದೇ ಸಲ ನಡೆದದ್ದಲ್ಲ. ಅಲೆಕ್ಸಾಂದ್ರಿಯದ ಯೆಹೂದ್ಯ ತತ್ತ್ವಜ್ಞಾನಿ ಫಿಲೋ ದಾಖಲಿಸಿರುವ ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ಕ್ರಿ.ಶ. 38ರಲ್ಲಿ ಹೊಸದಾಗಿ ರಾಜಪದವಿ ಪಡೆದ ಅಗ್ರಿಪ್ಪನು ಆ ಪಟ್ಟಣಕ್ಕೆ ಬಂದನು. ಯೆಹೂದ್ಯರನ್ನು ದ್ವೇಷಿಸುತ್ತಿದ್ದ ಜನರ ಗುಂಪು, ಬೀದಿಯಲ್ಲಿ ಅಲೆಯುತ್ತಿದ್ದ ಕಾರಬಸ್ ಎಂಬ ನಿರಪಾಯಕಾರಿ ಬುದ್ಧಿಭ್ರಮಿತನನ್ನು ವ್ಯಾಯಾಮಶಾಲೆಗೆ ಎಳೆತಂದು ಎತ್ತರದ ಸ್ಥಳದಲ್ಲಿ ನಿಲ್ಲಿಸಿತು. ಅವನ ತಲೆಗೆ ಪಪೈರಸ್ ಎಲೆಯ ಮುಕುಟ, ಮೈಗೆ ಹಾಸುಗಂಬಳಿ, ಕೈಗೆ ದಾರಿಯಲ್ಲಿ ಬಿದ್ದಿದ್ದ ಪಪೈರಸ್ ದಂಟು. ಯುವಕರು ಕೋಲು ಹಿಡಿದು ಅಂಗರಕ್ಷಕರಾದರು. ಕೆಲವರು ಅವನ ಮುಂದೆ ವ್ಯಾಜ್ಯದ ಅಹವಾಲು ಹೇಳಿಕೊಂಡರು. ಬಳಿಕ ಜನರೆಲ್ಲ ‘ಮಾರಿನ್’ ಎಂದು ಕೂಗಿದರು. ಅದು ಅವರ ಗ್ರೀಕ್ ಪದವಲ್ಲ. ಅರಾಮ್ಯ ಭಾಷೆಯಲ್ಲಿ ಒಡೆಯನೆಂಬ ಅರ್ಥದ ಪದ. ಅಗ್ರಿಪ್ಪನ ಜನರ ನುಡಿಯನ್ನೇ ಕಸಿದು ಅವನ ಮೇಲೆ ಎಸೆದರು. ಇದೇ ಪದ ಪೌಲನ ಕೊರಿಂಥದ ಮೊದಲ ಪತ್ರಿಕೆಯ ಕೊನೆಯಲ್ಲಿ (16:22) ‘ಮಾರನಾಥಾ’ ಎಂಬ ಪ್ರಾರ್ಥನೆಯಾಗಿ ನಿಂತಿದೆ. ಒಂದು ಪಟ್ಟಣದಲ್ಲಿ ಗೇಲಿಯಾದ ಪದ ಹದಿನೈದಿಪ್ಪತ್ತು ವರ್ಷಗಳೊಳಗೆ ಇನ್ನೊಂದು ಪಟ್ಟಣದ ಸಭೆಯಲ್ಲಿ ಆರಾಧನೆಯ ಪದವಾಗಿತ್ತು.

ಅಣಕಕ್ಕೆ ಬಟ್ಟೆಗಿಂತ ಹೆಚ್ಚು ಒದಗುವುದು ನಾಲಿಗೆ. ಇಲ್ಲಿಂದ ನಾವು ವೈಟ್‌ಫೀಲ್ಡಿಗೆ ಹಿಂದಿರುಗಬೇಕು.

ಐ.ಟಿ. ಕಟ್ಟಡಗಳ ಗಾಜಿನ ನಡುವೆ ಇಂದು ದಟ್ಟಣೆಯಲ್ಲಿ ಸಿಲುಕುವ ನಮ್ಮಲ್ಲಿ ಅನೇಕರಿಗೆ ಆ ಊರು ಹುಟ್ಟಿದ ಕಾರಣ ನೆನಪಿಲ್ಲ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು ಡೇವಿಡ್ ಇಮ್ಯಾನ್ಯುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಅವರ ನೇತೃತ್ವದ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ಕೊಟ್ಟರು. ಯುರೋಪಿನ ತಂದೆಯೂ ಈ ನಾಡಿನ ತಾಯಿಯೂ ಇದ್ದ ಕುಟುಂಬಗಳು ಸರಕಾರಿ ಚಾಕರಿಯನ್ನು ನಂಬಿ ಕೂರದೆ ಹೊಲ ಉತ್ತು ಸ್ವಂತ ಕಾಲಿನ ಮೇಲೆ ನಿಲ್ಲಬೇಕೆಂಬುದು ಯೋಜನೆಯಾಗಿತ್ತು. ಮನೆಗಳು ದುಂಡಗಿನ ಮೈದಾನದ ಸುತ್ತ ಎದ್ದವು. ಆ ಸುತ್ತು ಇಂದಿಗೂ ‘ಇನ್ನರ್ ಸರ್ಕಲ್’ ಎಂಬ ಹೆಸರಿನಲ್ಲಿ ಉಳಿದಿದೆ.

ಈ ಜನರನ್ನು ಇಂಗ್ಲಿಷರು ಕರೆಯುತ್ತಿದ್ದ ಒಂದು ಹೆಸರು ‘ಚೀ ಚೀ’. ಯೂಲ್ ಮತ್ತು ಬರ್ನೆಲ್ ಸಂಪಾದಿಸಿ 1886ರಲ್ಲಿ ಪ್ರಕಟವಾದ ‘ಹಾಬ್ಸನ್ ಜಾಬ್ಸನ್’ ನಿಘಂಟು ಇದನ್ನು ನಮೂದಿಸಿ, ಇದು ಮಿಶ್ರಸಂತತಿಯವರನ್ನೂ ಅವರ ಮಾತಿನ ರೀತಿಯನ್ನೂ ಹೀನೈಸುವ ಪದವೆಂದು ಹೇಳುತ್ತದೆ. ಅದರ ಮೂಲವಾಗಿ ನಿಘಂಟು ತೋರಿಸುವುದು ನಮ್ಮ ದಕ್ಷಿಣದವರು ಬೇಸರದಲ್ಲಿ ಆಡುವ ‘ಛೀ’ ಎಂಬ ಉದ್ಗಾರವನ್ನು; ಆ ಜನರು ಅದನ್ನು ಮಾತುಮಾತಿಗೂ ಆಡುತ್ತಾರೆಂದು ಭಾವಿಸಲಾಗಿತ್ತಂತೆ. ಸಂಪಾದಕರಲ್ಲೊಬ್ಬರಾದ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು, ತುಳುವರ ಭೂತಾರಾಧನೆಯ ಪಾಠಗಳನ್ನು ಸಂಗ್ರಹಿಸಿದವರು; ‘ಛೀ’ ಎಂಬುದು ಅವರ ಕಿವಿಗೆ ಹೊಸದಾಗಿರಲಾರದು. ತಾಯಿಯ ಅಡುಗೆಮನೆಯಲ್ಲಿ ಕಲಿತ ಒಂದು ಉದ್ಗಾರ ತಂದೆಯ ಭಾಷೆಯೊಳಗೆ ನುಸುಳಿ ಮಗುವನ್ನು ಹಿಡಿದುಕೊಟ್ಟಿತು. ತಂದೆಯ ಜನರು ಅದನ್ನೇ ಎತ್ತಿ ಆ ಮಗುವಿಗೆ ಹೆಸರಿಟ್ಟರು. ನಮ್ಮವರೇನೂ ಅವರನ್ನು ಅಪ್ಪಿಕೊಳ್ಳಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. 1911ರ ಜನಗಣತಿಯ ಕಾಲಕ್ಕೆ ‘ಆಂಗ್ಲೋ ಇಂಡಿಯನ್’ ಎಂಬುದು ಸರಕಾರದ ಅಂಗೀಕೃತ ಹೆಸರಾಯಿತು. ಅಧಿಕೃತ ಹೆಸರು ಕಾಗದದಲ್ಲಿ ಕೂತಿತು, ಇನ್ನೊಂದು ಹೆಸರು ಮಾತಿನಲ್ಲಿ ಉಳಿಯಿತು.

ಬೇರೆ ಭಾರತೀಯರ ಇಂಗ್ಲಿಷನ್ನೂ ಆಳುವವರು ಬಿಡಲಿಲ್ಲ. 1897ರಲ್ಲಿ ಆನ್‌ಸ್ಟಿ ಎಂಬ ಲೇಖಕರು ‘ಪಂಚ್’ ಪತ್ರಿಕೆಗಾಗಿ ಬರೆದ ಬಾಬು ಜಬ್ಬರ್ಜಿಯ ಕಥೆ ಪುಸ್ತಕವಾಗಿ ಬಂದು, ಓದಿದ ಬಂಗಾಳಿಯ ಇಂಗ್ಲಿಷನ್ನು ನಗೆಯ ಸರಕಾಗಿಸಿತು. ಇಂಗ್ಲಿಷನ್ನು ಕಲಿಯದಿದ್ದರೆ ಅನಾಗರಿಕ, ಕಲಿತರೆ ವಿದೂಷಕ.

ಇದಾಗಿ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಅದೇ ವೈಟ್‌ಫೀಲ್ಡಿನಲ್ಲಿ, 1994ರಲ್ಲಿ ಸಿಂಗಪುರದ ಸಹಭಾಗಿತ್ವದಿಂದ ಆರಂಭವಾದ ಟೆಕ್ ಪಾರ್ಕಿನ ಸುತ್ತಲೂ, 1970ರ ದಶಕದ ಅಂತ್ಯದಲ್ಲಿ ಕಿಯೋನಿಕ್ಸ್ 332 ಎಕರೆಯಲ್ಲಿ ಹಾಕಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಹೊಸ ಉದ್ಯೋಗಗಳು ಬಂದವು. 2000ದ ನಂತರ ಕಾಲ್ ಸೆಂಟರುಗಳು ಬೆಳೆದವು. ಕನ್ನಡ, ತಮಿಳು, ತೆಲುಗು, ಮಲಯಾಳ ಮನೆಮಾತಿನ ನಮ್ಮ ಯುವಜನರು ರಾತ್ರಿಯಲ್ಲಿ ಅಮೆರಿಕದ ಹಗಲಿಗಾಗಿ ದುಡಿಯತೊಡಗಿದರು. ಅಮೆರಿಕದಲ್ಲಿ 2004ರ ಸುಮಾರಿಗೆ, ಕೆಲಸ ಸಾಗರದಾಚೆಗೆ ಹೋಗಿ ನಿರುದ್ಯೋಗಿಯಾಗುವುದಕ್ಕೆ ‘ಬ್ಯಾಂಗಲೋರ್ಡ್’ ಎಂಬ ಕ್ರಿಯಾಪದವೇ ಹುಟ್ಟಿಕೊಂಡಿತು; ನಮ್ಮ ಊರಿನ ಹೆಸರು ಅಂಗಿಗಳ ಮೇಲೆ ಬೈಗುಳವಾಗಿ ಅಚ್ಚಾಯಿತು. ದೂರವಾಣಿಯ ಆ ತುದಿಯಲ್ಲಿದ್ದ ಸಿಟ್ಟಿಗೆ ಈ ಹಿನ್ನೆಲೆಯೂ ಇತ್ತು.

ಈ ಉದ್ಯೋಗದ ತರಬೇತಿಯಲ್ಲಿ ‘ಎಂಟಿಐ’ ಎಂಬ ಮೂರಕ್ಷರವಿದೆ. ವಿಸ್ತರಿಸಿದರೆ ಮಾತೃಭಾಷೆಯ ಪ್ರಭಾವ. ಭಾಷಾಶಾಸ್ತ್ರದಲ್ಲಿ ಇದೊಂದು ವರ್ಣನೆ. ತರಬೇತಿಯ ಕೋಣೆಯಲ್ಲಿ ಇದೊಂದು ದೋಷ, ತೊಳೆದುಕೊಳ್ಳಬೇಕಾದ ಕಲೆ. ಮಾಕ್ ಕಾಲ್‌ನಲ್ಲಿ ತರಬೇತುದಾರರು ಸಿಡುಕಿನ ಗಿರಾಕಿಯಾಗಿ ನಟಿಸಿ, ಉಚ್ಚಾರಣೆ ಜಾರಿದ ಕೂಡಲೆ ಅದನ್ನು ಹಾಗೆಯೇ ಆಡಿ ತೋರಿಸುವುದುಂಟೆಂದು, ಕೋಣೆಯೆಲ್ಲ ನಗುವುದುಂಟೆಂದು ನಮ್ಮ ಯುವಜನರಿಂದ ಕೇಳಿದ್ದೇವೆ. ತರಬೇತುದಾರರನ್ನು ದೂರುವುದು ನಮ್ಮ ಉದ್ದೇಶವಲ್ಲ. ರಾತ್ರಿ ಬರಲಿರುವ ನಿಜವಾದ ಬೈಗುಳಕ್ಕೆ ಮಗುವನ್ನು ಗಟ್ಟಿಗೊಳಿಸುವುದು ಕೆಲವರ ಪ್ರಾಮಾಣಿಕ ಇಚ್ಛೆ. ಆದರೆ ಉದುರಿಹೋಯಿತೆಂದುಕೊಂಡಿದ್ದ ಹಳೆಯ ಅರ್ಥ ಆ ಕೋಣೆಯಲ್ಲಿ ಮತ್ತೆ ಬಂದು ಪದಕ್ಕೆ ಅಂಟಿಕೊಳ್ಳುತ್ತದೆ. ವೃದ್ಧ ಪಾಲಕರ ಪ್ರಾರ್ಥನೆಗೆ ಅರ್ಥ ದೊರೆತದ್ದು ನಮಗೆ ಇಲ್ಲಿ.

ಸತ್ಯವೇದಕ್ಕೆ ಈ ಕೋಣೆ ಪರಿಚಿತ. ನ್ಯಾಯಸ್ಥಾಪಕರು 12ನೇ ಅಧ್ಯಾಯದಲ್ಲಿ ಯೊರ್ದನಿನ ಹಾಯಗಡದಲ್ಲಿ ಒಂದು ಅಕ್ಷರ ತಪ್ಪಿದವರನ್ನು ಕೊಲ್ಲಲಾಯಿತು. ಮಹಾಯಾಜಕನ ಅಂಗಳದಲ್ಲಿ ಪೇತ್ರನನ್ನು ಹಿಡಿದುಕೊಟ್ಟದ್ದು ಅವನ ಮಾತಿನ ರೀತಿ (ಮತ್ತಾಯ 26:73). ಗಲಿಲಾಯದವರ ಉಚ್ಚಾರಣೆ ಯೂದಾಯದವರಿಗೆ ನಗೆಪಾಟಲಾಗಿತ್ತೆಂಬುದಕ್ಕೆ ಬಾಬಿಲೋನಿನ ತಾಲ್ಮೂದಿನ ಎರುವಿನ್ ಭಾಗದಲ್ಲಿ (53ಬಿ) ಸ್ವಾರಸ್ಯದ ಸಾಕ್ಷಿಯಿದೆ. ಅಲ್ಲಿ ಗಲಿಲಾಯದವನೊಬ್ಬ ಯಾರ ಬಳಿ ‘ಅಮರ್’ ಇದೆಯೆಂದು ವಿಚಾರಿಸುತ್ತಾನೆ. ಕೇಳಿದವರು ಅವನನ್ನು ಮೂರ್ಖನೆಂದು ಕರೆದು, ನಿನಗೆ ಬೇಕಾದದ್ದು ಸವಾರಿಯ ಕತ್ತೆಯೋ, ಕುಡಿಯುವ ದ್ರಾಕ್ಷಾರಸವೋ, ತೊಡುವ ಉಣ್ಣೆಯೋ, ಕೊಯ್ಯುವ ಕುರಿಮರಿಯೋ ಎಂದು ಛೇಡಿಸುತ್ತಾರೆ. ಗಂಟಲಿನ ಅಕ್ಷರಗಳು ಅವನ ಬಾಯಲ್ಲಿ ಕರಗಿಹೋಗಿ ‘ಹಮರ್’ ಎಂಬುದೂ ‘ಅಮರ್’ ಎಂಬುದೂ ಒಂದೇ ಆಗಿದ್ದವು. ಯೇಸು ಬೆಳೆದದ್ದು ಈ ಜನರ ನಡುವೆ. ಬೆಟ್ಟದ ಮೇಲಿನ ಪ್ರಸಂಗವನ್ನು ಆತನು ಯಾವ ಉಚ್ಚಾರಣೆಯಲ್ಲಿ ಮಾಡಿದನೆಂದು ನಮ್ಮ ವ್ಯಾಖ್ಯಾನಗ್ರಂಥಗಳು ಕೇಳಿಕೊಳ್ಳುವುದು ವಿರಳ. ಲೂಕನ ಕ್ರಮದಲ್ಲಿ ಪೇತ್ರನು ಹೊರಗೆ ಹೋಗಿ ಅತ್ತ ಮರುವಾಕ್ಯದಲ್ಲಿಯೇ (22:63) ಕಾವಲುಗಾರರು ಯೇಸುವಿನೊಂದಿಗೆ ಅಣಕದ ಆಟ ಆರಂಭಿಸುತ್ತಾರೆ. ಗಲಿಲಾಯದವರಿಬ್ಬರು, ಒಂದೇ ಅಂಗಳ, ಒಂದೇ ರಾತ್ರಿ.

‘ಅಮರ್’, ‘ಹಮರ್’ ಎಂಬ ಆ ಪುಟವನ್ನು ಮೊದಲ ಸಲ ಓದಿದಾಗ ನಾವು ಪುಸ್ತಕವನ್ನು ಮುಚ್ಚಿಟ್ಟೆವು. ಅದರ ಕಾರಣವನ್ನು ಇಲ್ಲಿ ಹೇಳಿಕೊಳ್ಳಬೇಕಾಗಿದೆ.

ಸೆಮಿನರಿಯ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ನಮ್ಮನ್ನು ವಾರಾಂತ್ಯದ ಸೇವೆಗಾಗಿ ಪೀಣ್ಯದ ಸಮೀಪದ ಸಭೆಯೊಂದಕ್ಕೆ ಕಳುಹಿಸಲಾಗಿತ್ತು. ಕ್ರಿಸ್ಮಸ್ ಆರಾಧನೆಯಲ್ಲಿ ವೇದಪಾಠ ಓದಲು, ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ ಮಂಡ್ಯದ ಕಡೆಯ ಹಿರಿಯರೊಬ್ಬರನ್ನು ನೇಮಿಸಲಾಗಿತ್ತು. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯ. ಇಸ್ತ್ರಿಮಾಡಿದ ಬಿಳಿಯ ಅಂಗಿ ತೊಟ್ಟು, ಪೀಠದ ಮುಂದೆ ನಿಂತು, ಮೊದಲ ಪದವಾದ ‘ಆದಿಯಲ್ಲಿ’ ಎಂಬುದನ್ನು ಅವರು ‘ಹಾದಿಯಲ್ಲಿ’ ಎಂದು ಓದಿದರು. ಅಕಾರ ಹಕಾರಗಳ ಈ ಅದಲುಬದಲನ್ನು ಬೆಂಗಳೂರಿನಲ್ಲಿ ಹಾಸ್ಯಮಾಡದವರು ಯಾರಿದ್ದಾರೆ? ಯುವಕರ ಸಾಲಿನಿಂದ ನಗೆ ಎದ್ದಿತು. ಯಾರೋ ಪಿಸುದನಿಯಲ್ಲಿ ಅದನ್ನು ಅವರಂತೆಯೇ ಆಡಿದರು. ನಗೆ ಹಿಂದಿನ ಸಾಲುಗಳಿಗೂ ಹಬ್ಬಿತು. ಬಲಿಪೀಠದ ಪಕ್ಕದಲ್ಲಿ ನಿಲುವಂಗಿ ತೊಟ್ಟು ಕುಳಿತಿದ್ದ ನಾವೂ ನಕ್ಕೆವು. ಅವರು ತಲೆಯೆತ್ತಿ ನೋಡಿದ್ದು ಯುವಕರನ್ನಲ್ಲ, ನಮ್ಮನ್ನು. ಪಾಠವನ್ನು ಪೂರ್ತಿಯಾಗಿ ಓದಿ ಮುಗಿಸಿ ಕುಳಿತರು. ಆ ಮೇಲೆ ಅವರು ಎಂದಿಗೂ ಓದಲಿಲ್ಲ.

ನಗೆಯನ್ನೇ ಸಭೆಯಿಂದ ಹೊರಗಟ್ಟಬೇಕೆಂದು ನಾವು ವಾದಿಸುತ್ತಿಲ್ಲ. ಕರ್ಮೆಲ್ ಬೆಟ್ಟದಲ್ಲಿ ಎಲೀಯನು ಬಾಳನ ಪ್ರವಾದಿಗಳನ್ನು ಯಥೇಷ್ಟವಾಗಿ ಗೇಲಿಮಾಡಿದನು (1 ಅರಸುಗಳು 18:27). ಎರಡನೆಯ ಕೀರ್ತನೆಯಲ್ಲಿ ಪರಲೋಕದಲ್ಲಿರುವಾತನೇ ಅರಸುಗಳನ್ನು ನೋಡಿ ನಗುತ್ತಾನೆ. ಆದರೆ ಎಲೀಯನ ಎದುರಿಗಿದ್ದವರು ಅರಮನೆಯ ಅನ್ನ ತಿನ್ನುತ್ತಿದ್ದ 450 ಮಂದಿ, ಅವನು ಒಬ್ಬನೇ. ಆ ಕೀರ್ತನೆಯ ನಗೆ ಸಂಚು ಹೂಡುವ ಅಧಿಪತಿಗಳ ಮೇಲಿನದು. ಲೇತ್ ಯಂತ್ರದ ಮುಂದೆ ನಿಂತು ದುಡಿದ ಕೈಗಳಲ್ಲಿ ಪುಸ್ತಕ ಹಿಡಿದವರ ಮೇಲಿನದಲ್ಲ. ಮೊದಲನೆಯ ಕೀರ್ತನೆಯು ಧರ್ಮನಿಂದಕರ ಜೊತೆ ಕುಳಿತುಕೊಳ್ಳುವುದನ್ನು ಕುರಿತು ಹೇಳುವಾಗ ಇಬ್ರಿಯ ಮೂಲದಲ್ಲಿರುವ ‘ಲೇಟ್ಸ್’ ಎಂಬ ಪದ ಅಪಹಾಸ್ಯಗಾರನನ್ನೂ ಒಳಗೊಂಡಿದೆ. ಆ ಕೂಟಕ್ಕೊಂದು ಆಸನವಿದೆಯೆಂದು ಕೀರ್ತನೆಗಾರನಿಗೆ ಗೊತ್ತಿತ್ತು. ಅಂದು ನಮ್ಮ ಆಸನ ಬಲಿಪೀಠದ ಪಕ್ಕದಲ್ಲಿತ್ತು.

ರೋಮಿನ ಪಲಟೈನ್ ಗುಡ್ಡದಲ್ಲಿ 1857ರಲ್ಲಿ ದೊರೆತ ಗೋಡೆಗೀಚು ಈ ಪತ್ರಿಕೆಯ ಓದುಗರಿಗೆ ತಿಳಿದದ್ದೇ. ಕತ್ತೆಯ ತಲೆಯುಳ್ಳ ಮನುಷ್ಯನು ಶಿಲುಬೆಯಲ್ಲಿದ್ದಾನೆ, ಎದುರಿಗೆ ಒಬ್ಬನು ಕೈಯೆತ್ತಿ ನಿಂತಿದ್ದಾನೆ. ಅಲೆಕ್ಸಮೆನೊಸನು ತನ್ನ ದೇವರನ್ನು ಆರಾಧಿಸುತ್ತಿದ್ದಾನೆಂದು ಒರಟು ಗ್ರೀಕಿನಲ್ಲಿ ಗೀಚಲಾಗಿದೆ. ಸುಮಾರು ಕ್ರಿ.ಶ. 200ರ ಈ ಗೇಲಿಯು ಕ್ರಿಸ್ತನ ಶಿಲುಬೆಯ ಉಪಲಬ್ಧ ಚಿತ್ರಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿನಲ್ಲಿದೆ. ಪಕ್ಕದ ಕೋಣೆಯೊಂದರ ಗೋಡೆಯಲ್ಲಿ, ಅಲೆಕ್ಸಮೆನೊಸ್ ನಂಬಿಗಸ್ತನೆಂದು ಲ್ಯಾಟಿನಿನಲ್ಲಿ ಬರೆದದ್ದೂ ಸಿಕ್ಕಿದೆ. ಬರೆದವರು ಯಾರೋ ತಿಳಿಯದು.

ಕಳೆದ ವರ್ಷ ನಾವು ಆ ಹಿರಿಯರನ್ನು ಹುಡುಕಿಕೊಂಡು ಹೋದೆವು. ನಿವೃತ್ತರಾಗಿ ಮಗನ ಮನೆಯಲ್ಲಿದ್ದಾರೆ. ಅಂದಿನ ನಗೆಗಾಗಿ ಕ್ಷಮೆ ಕೇಳಿದಾಗ, “ಬುಡಿ ಅಯ್ನೋರೇ, ಮಕ್ಳು ನಗ್ತವೆ” ಎಂದು ತಳ್ಳಿಹಾಕಿದರು. ನಕ್ಕವರಲ್ಲಿ ನಾವೂ ಇದ್ದೆವೆಂದಾಗ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಕಾರ್ಖಾನೆಯ ಮಾತಿಗೆ ಹೊರಳಿದರು. ಆರು ತಿಂಗಳಿಗೊಮ್ಮೆ ಅಣಕಿನ ಸೈರನ್ ಕೂಗುತ್ತಿತ್ತಂತೆ, ಮುಂಚೆ ಹೇಳುತ್ತಿರಲಿಲ್ಲವಂತೆ. “ಅದು ಆಟವೋ ದಿಟವೋ ಅಂತ ಹೊರಕ್ ಬರೋಗಂಟ ಗೊತ್ತಾಗ್ತಿರ್ನಿಲ್ಲ. ಎದೆ ಒಡ್ಕೊಳ್ಳೋದು ಎಲ್ಡಕ್ಕೂ ಒಂದೇ” ಎಂದರು.

ಮುಂದಿನ ಕ್ರಿಸ್ಮಸ್ಸಿಗೆ ಅದೇ ಅಧ್ಯಾಯವನ್ನು ಓದಬೇಕೆಂದು ಕೇಳಿಕೊಂಡಿದ್ದೇವೆ. ಅವರು ಇನ್ನೂ ಒಪ್ಪಿಕೊಂಡಿಲ್ಲ.